ಅವರ ಪುರಬ್, ನಮ್ಮ ಪರ್ಬ

1/10

ಈ ವಾರ ನೀವೆಲ್ಲ ಕಣಿಯ ಫೋಟೋ ಹಾಕ್ತಿದ್ದೀರಿ, ನಾನು ಹಾಕಿದ್ದು ಒಂದು ಸ್ಟೀಲ್ ಡಬ್ಬಿ. ಎಂತ ಮಾರಾಯ ಇದು ಅಂತ ಕೇಳ್ಬೇಡಿ, ಹೇಳ್ತೇನೆ. ಸ್ವಲ್ಪ ಉದ್ದ ಉಂಟು, ಹತ್ತು ಪೋಸ್ಟ್. ಓದಿ ಬೈದರೆ ಬೇಜಾರಿಲ್ಲ. ಓದದೆ ಹಾರ್ಟ್ ಒತ್ತಿ ಮುಂದೆ ಹೋಗ್ಬೇಡಿ ಆಯ್ತಾ.

ಈ ಫೋಟೋ 2025ರ ನವೆಂಬರ್ 5ರದ್ದು, ಬುಧವಾರ. ಜಾಗ, ನಾನು ಇಂಟರ್ನ್‌ಶಿಪ್ ಮಾಡ್ತಿರುವ ಆಫೀಸಿನ ಪ್ಯಾಂಟ್ರಿ. ಆಫೀಸಿನ ಹೆಸರು ಹೇಳುದಿಲ್ಲ. ಹೇಳಿದರೆ ಇದು ಆ ಒಂದು ಆಫೀಸಿನ ಕಥೆ ಆಗ್ತದೆ, ನೀವೆಲ್ಲ ಆರಾಮಾಗಿ ಕೂತು ಅವರಿಗೆ ಬೈತೀರಿ. ಮಂಗಳೂರಿನ ಅರ್ಧ ಆಫೀಸುಗಳಲ್ಲಿ ಇದೇ ಕಥೆ ಅಂತ ನನಗೆ ಅನ್ನಿಸ್ತದೆ.

ಡಬ್ಬಿಯಲ್ಲಿ ಇದ್ದದ್ದು ಕಡಾ ಪ್ರಸಾದ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಹಾಕಿ ಕಾಸಿದ ಹಲ್ವ. ತಂದವರು ನಮ್ಮ ಟೀಮಿನ ಒಬ್ಬ ಸೀನಿಯರ್, ಇಡೀ ಆಫೀಸಿಗೆ ಒಬ್ಬರೇ ಸಿಖ್. ಹೆಸರು ಹಾಕುದು ಬೇಡ ಅಂತ ಅವರೇ ಹೇಳಿದ್ದಾರೆ. ನಾನು ಅವರನ್ನು ಕರೆಯುದು ವೀರ್‌ಜಿ ಅಂತ. ಪಂಜಾಬಿಯಲ್ಲಿ ಅಣ್ಣ ಅಂತ ಅರ್ಥ.

ಚಹಾಕ್ಕೆ ಬಂದ ಒಬ್ಬರು ಡಬ್ಬಿ ನೋಡಿ ಕೇಳಿದರು, "ಎಂತ ವಿಶೇಷ? ಬರ್ತ್‌ಡೇಯಾ?"

"ಹೌದು," ಅಂದರು ವೀರ್‌ಜಿ.

"ಓ! ಯಾರ್ದು?"

"ದೊಡ್ಡವರದ್ದು."

"ಹಾಗಾದ್ರೆ ಪಾರ್ಟಿ ಎಲ್ಲಿ ಸರ್?"

ವೀರ್‌ಜಿ ನಕ್ಕು ಸುಮ್ಮನಾದರು. ಕೇಳಿದವರು ಎರಡು ಚಮಚ ತಿಂದು, ತುಪ್ಪ ಜಾಸ್ತಿ ಆಯ್ತು ಅಂತ ಹೇಳಿ ಹೋದರು. ಅದು ಗುರುನಾನಕರು ಹುಟ್ಟಿದ ದಿನ. ಕೋಟಿಗಟ್ಟಲೆ ಜನರಿಗೆ ವರ್ಷದ ದೊಡ್ಡ ಹಬ್ಬ. ನಮ್ಮ ಆಫೀಸಿನಲ್ಲಿ ಅದು ಯಾರದ್ದೋ ಬರ್ತ್‌ಡೇ.

ಕೇಳಿದವರು ಕೆಟ್ಟವರಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನನಗೆ ಸಿಟ್ಟು ಬಂದದ್ದು ಆ ಪ್ರಶ್ನೆಗಲ್ಲ. ಅದಕ್ಕಿಂತ ಎರಡು ವಾರ ಮೊದಲು ನಡೆದದ್ದಕ್ಕೆ.

2/10

ಎರಡು ವಾರ ಮೊದಲೇ ವೀರ್‌ಜಿ ರಜೆ ಕೇಳಿದ್ದರು. ಉತ್ತರ ಬಂತು: ಇದು ನಮ್ಮ ಹಾಲಿಡೇ ಲಿಸ್ಟ್‌ನಲ್ಲಿ ಇಲ್ಲ, ಬೇಕಾದರೆ ಸಿಎಲ್ ಹಾಕಿ. ಸರಿ ಅಂತ ಸಿಎಲ್ ಹಾಕಿದರು. ಮೂರು ದಿನ ಬಿಟ್ಟು ಅದೇ 5ನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಕ್ಲೈಂಟ್ ಡೆಮೋ ಇಟ್ಟರು. ಡೆಮೋ ತೋರಿಸಬೇಕಾದವರು ಇವರೇ. "ಸರ್, ಒಂದು ಗಂಟೆ ಬಂದು ಹೋಗಿ, ಸಿಎಲ್ ಕ್ಯಾನ್ಸಲ್ ಮಾಡಿಕೊಡ್ತೇವೆ" ಅಂದರು. ಎಂತ ಉಪಕಾರ ನೋಡಿ.

ವೀರ್‌ಜಿ ನಸುಕಿನಲ್ಲೇ ಗುರುದ್ವಾರಕ್ಕೆ ಹೋಗಿ, ಒಂಬತ್ತೂವರೆಗೆ ಆಫೀಸಿಗೆ ಬಂದರು. ಒಂದು ಗಂಟೆ ಅಂದದ್ದು ನಾಲ್ಕು ಗಂಟೆ ಆಯ್ತು. ಅವತ್ತು ಅವರ ಆರು ವರ್ಷದ ಮಗಳು ಸಂಗತ್ ಎದುರು ಮೊದಲ ಸಲ ಶಬದ್ ಹಾಡುವವಳಿದ್ದಳು. ಹಾಡಿದಳು. ಅಪ್ಪ ಅದನ್ನು ನೋಡಿದ್ದು ಮಧ್ಯಾಹ್ನ, ಮೆಟ್ಟಿಲ ಹತ್ತಿರ ನಿಂತು, ಮೊಬೈಲ್‌ನಲ್ಲಿ. ನಾನು ಪಕ್ಕದಲ್ಲೇ ಇದ್ದೆ. ಎರಡು ಸಲ ನೋಡಿದರು.

ಈಗ ಅದಕ್ಕಿಂತ ನಾಲ್ಕೈದು ದಿನ ಹಿಂದೆ ಹೋಗಿ. ಕನ್ನಡ ರಾಜ್ಯೋತ್ಸವ. ಆಫೀಸಿನಲ್ಲಿ ಹಳದಿ ಕೆಂಪು ಶಾಲು, ಹೋಳಿಗೆ, ಎಲ್ಲರೂ ಎದ್ದು ನಿಂತು ನಾಡಗೀತೆ. ವೀರ್‌ಜಿಯೂ ಹಾಡಿದರು. ಹತ್ತು ವರ್ಷದಿಂದ ಇಲ್ಲಿ ಇದ್ದಾರೆ, ನಮ್ಮಲ್ಲಿ ಕೆಲವರಿಗಿಂತ ಚೆನ್ನಾಗಿ ಹಾಡ್ತಾರೆ.

ಕುವೆಂಪು ಬರೆದ ಆ ನಾಡಗೀತೆಯಲ್ಲಿ ಯಾರ್ಯಾರ ಹೆಸರು ಉಂಟು ಅಂತ ಯಾವತ್ತಾದ್ರೂ ನಿಧಾನಕ್ಕೆ ಓದಿದ್ದೀರಾ? ಶಂಕರ, ರಾಮಾನುಜ, ಬಸವೇಶ್ವರ ಎಲ್ಲರಿಗೂ ನೆನಪುಂಟು. ಮುಂದೆ ರಾಮಾನಂದ, ಕಬೀರರ ಜೊತೆ ಇನ್ನೊಂದು ಹೆಸರು ಉಂಟು. ನಾನಕ.

ಅಂದರೆ, ರಾಜ್ಯೋತ್ಸವಕ್ಕೆ ನಾವೆಲ್ಲ ಎದೆಯುಬ್ಬಿಸಿ ನಾನಕರ ಹೆಸರು ಹಾಡಿದೆವು. ಅದೇ ವಾರ ನಾನಕರ ಹುಟ್ಟುಹಬ್ಬ ಬಂತು. "ಲಿಸ್ಟ್‌ನಲ್ಲಿ ಇಲ್ಲ" ಅಂದೆವು.

ನಾಡಗೀತೆಯಲ್ಲಿ ಇರುವವರು ನಮ್ಮ ರಜೆ ಪಟ್ಟಿಯಲ್ಲಿ ಇಲ್ಲ. ಇದೇ ನನ್ನ ತಕರಾರು.

3/10

ಸಿಖ್ಖರು ಈ ಹಬ್ಬಕ್ಕೆ ಹೇಳುವ ಹೆಸರು ಗುರ್‌ಪುರಬ್. ಗುರು ಗೊತ್ತು. ಪುರಬ್ ಅಂದರೆ ಎಂತ?

ತುಳುವಿನಲ್ಲಿ ನಾವು ಹಬ್ಬಕ್ಕೆ ಎಂತ ಹೇಳುದು? ಪರ್ಬ. ಬಿಸು ಪರ್ಬ. ಸುಮ್ಮನೆ "ಪರ್ಬ" ಅಂದರೆ ದೀಪಾವಳಿ. ಎರಡೂ ಬಂದದ್ದು "ಪರ್ವ" ಅನ್ನುವ ಒಂದೇ ಶಬ್ದದಿಂದ. ಅಲ್ಲಿ ಪುರಬ್ ಆಯ್ತು, ಇಲ್ಲಿ ಪರ್ಬ ಆಯ್ತು. ಇದನ್ನು ವೀರ್‌ಜಿಗೆ ಹೇಳಿದಾಗ ಅವರು ಪ್ಯಾಂಟ್ರಿಯಲ್ಲಿ ನಾಲ್ಕು ಸಲ "ಪರ್ಬ, ಪರ್ಬ" ಅಂತ ಹೇಳಿ ನೋಡಿದರು.

ಇನ್ನೊಂದು ಕೇಳಿ. ನಾವು ಈ ವಾರ ಬಿಸು ಮಾಡ್ತಿದ್ದೇವಲ್ಲ, ಅದು ಸೂರ್ಯ ಮೇಷ ರಾಶಿಗೆ ಬರುವ ಸಂಕ್ರಮಣದ ಲೆಕ್ಕ. ಕೇರಳದಲ್ಲಿ ವಿಷು, ತಮಿಳರಿಗೆ ಪುತ್ತಾಂಡು, ಪಂಜಾಬಿನಲ್ಲಿ ಬೈಸಾಖಿ. ಒಂದೇ ಸೂರ್ಯ, ಒಂದು ದಿನ ಆಚೆ ಈಚೆ. ನಾವು ಕಣಿಯಲ್ಲಿ ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ ಇಡುವ ಹೊತ್ತಿಗೆ ಅವರಲ್ಲಿ ಗೋಧಿ ಕೊಯ್ಲು. ಬೈಸಾಖಿಗೆ ಸಿಖ್ಖರಲ್ಲಿ ಇನ್ನೂ ದೊಡ್ಡ ಅರ್ಥ ಉಂಟು. 1699ರ ಬೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಸ್ಥಾಪಿಸಿದ್ದು. ಆ ಕಥೆ ಎಂಟನೇ ಪೋಸ್ಟ್‌ನಲ್ಲಿ ಬರ್ತದೆ, ಅದರಲ್ಲಿ ನಮ್ಮ ರಾಜ್ಯದ ಒಬ್ಬರು ಇದ್ದಾರೆ.

ಗುರ್‌ಪುರಬ್ ಹೇಗೆ ಮಾಡ್ತಾರೆ ಅಂತ ಗೊತ್ತಿಲ್ಲದವರಿಗೆ ಚುಟುಕಾಗಿ: ಮೊದಲ ಎರಡು ದಿನ ಗುರು ಗ್ರಂಥ ಸಾಹಿಬ್‌ನ ಅಖಂಡ ಪಾಠ, ಎಡೆಬಿಡದೆ ಸುಮಾರು 48 ಗಂಟೆ. ಸರದಿಯಲ್ಲಿ ಓದುದು, ರಾತ್ರಿಯೂ. ಹಬ್ಬದ ದಿನ ಅದು ಮುಗೀತದೆ, ಕೀರ್ತನೆ ಆಗ್ತದೆ, ಆಮೇಲೆ ಲಂಗರ್. ಯಾರೂ ಬರಬಹುದು, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಉಣ್ಣುದು. ಬಡಿಸುವವರು, ರೊಟ್ಟಿ ಲಟ್ಟಿಸುವವರು, ಪಾತ್ರೆ ತೊಳೆಯುವವರು ಎಲ್ಲ ಸಂಬಳಕ್ಕೆ ಬಂದವರಲ್ಲ, ಸೇವೆಗೆ ಬಂದವರು.

ಅಂದರೆ ಇದು ಬೆಳಿಗ್ಗೆ ಹತ್ತು ನಿಮಿಷ ಕೈಮುಗಿದು ಆಫೀಸಿಗೆ ಓಡುವ ಹಬ್ಬ ಅಲ್ಲ. ಹೋಗಿ ಕೆಲಸ ಮಾಡುವ ಹಬ್ಬ. ಸೇವೆಗೆ ಕೈ ಬೇಕು. ಕೈ ಆಫೀಸಿನ ಲ್ಯಾಪ್‌ಟಾಪ್ ಮೇಲೆ ಇದ್ದರೆ ಹೇಗೆ?

4/10

ಈಗ "ಲಿಸ್ಟ್‌ನಲ್ಲಿ ಇಲ್ಲ" ಅನ್ನುವ ಮಾತಿಗೆ ಬರುವ. ಲಿಸ್ಟ್ ಅಂದರೆ ಆಕಾಶದಿಂದ ಬಿದ್ದದ್ದಾ? ಯಾರು ಮಾಡುದು ಅಂತ ಸ್ವಲ್ಪ ನೋಡುವ.

ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಗುರುನಾನಕ್ ಜಯಂತಿ ಕಡ್ಡಾಯ ರಜೆ, ದೇಶಕ್ಕೆಲ್ಲ. ಅದರ ಮೇಲೆ ಕೇಂದ್ರದ ನೌಕರರಿಗೆ ವರ್ಷಕ್ಕೆ ಎರಡು ನಿರ್ಬಂಧಿತ ರಜೆ, ದೊಡ್ಡ ಪಟ್ಟಿಯಿಂದ ತಮಗೆ ಬೇಕಾದ್ದು ಆರಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರದ ಪಟ್ಟಿಯಲ್ಲಿ ಗುರುನಾನಕ್ ಜಯಂತಿ ಇರುದು ಪರಿಮಿತ ರಜೆಗಳಲ್ಲಿ. ಎಲ್ಲರಿಗೂ ರಜೆ ಇಲ್ಲ, ಬೇಕಾದವರು ತೆಗೆದುಕೊಳ್ಳಬಹುದು.

ಖಾಸಗಿ ಕಂಪನಿಗಳಿಗೆ 1963ರ ಒಂದು ಕಾಯ್ದೆ ಉಂಟು: ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಇವು ಖಾಯಂ. ಇವಲ್ಲದೆ ಇನ್ನೂ ಐದು ಹಬ್ಬದ ರಜೆ. ಆ ಐದು ಯಾವುದು ಅಂತ ಕಾಯ್ದೆ ಹೇಳುದಿಲ್ಲ. ಮಾಲೀಕರನ್ನೂ ನೌಕರರನ್ನೂ ಕೇಳಿ ತೀರ್ಮಾನಿಸಬೇಕು ಅಂತ ಹೇಳ್ತದೆ.

ನೌಕರರನ್ನೂ ಕೇಳಿ. ಈ ಎರಡು ಶಬ್ದ ನೆನಪಿಡಿ.

ನಿಮ್ಮ ಆಫೀಸಿನಲ್ಲಿ ಯಾರಾದ್ರೂ ನಿಮ್ಮನ್ನು ಕೇಳಿದ್ದಾರಾ? ನಮ್ಮಲ್ಲಿ ಯಾರನ್ನೂ ಕೇಳಿಲ್ಲ. ಹೋದ ವರ್ಷದ ಎಕ್ಸೆಲ್ ಶೀಟ್ ತೆಗೆದು, ತಾರೀಕು ಬದಲಾಯಿಸಿ, ಗೋಡೆಗೆ ಅಂಟಿಸಿದ್ದು. ಆ ಶೀಟ್‌ಗೆ ಅದರ ಹಿಂದಿನ ವರ್ಷದ ಶೀಟ್ ಅಪ್ಪ. ಹೀಗೆ ಹಿಂದೆ ಹೋದರೆ ಮೊದಲ ಶೀಟ್ ಮಾಡಿದವ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅವನಿಗೆ ಸಿಖ್ ಸಹೋದ್ಯೋಗಿ ಇರಲಿಲ್ಲ ಅಂತ ಮಾತ್ರ ಗೊತ್ತಾಗ್ತದೆ.

ಮಂಗಳೂರಿನ ತಮಾಷೆ ನೋಡಿ. ಪಣಂಬೂರಿನ ಬಂದರು, ಸುರತ್ಕಲ್‌ನ ಎನ್‌ಐಟಿಕೆ ಎಲ್ಲ ಕೇಂದ್ರದ ಅಡಿಯಲ್ಲಿ ಬರುವಂಥವು. ಒಂದೇ ಊರು, ಒಂದೇ ಹೆದ್ದಾರಿ. ಕೇಂದ್ರದ ಕಚೇರಿಯಲ್ಲಿ ಕೂತವನಿಗೆ ಈ ದಿನ ದೇಶದ ಹಬ್ಬ, ನಾಲ್ಕು ಕಿಲೋಮೀಟರ್ ಆಚೆ ಖಾಸಗಿ ಆಫೀಸಿನಲ್ಲಿ ಕೂತವನಿಗೆ "ಅದೆಂತ ಹಬ್ಬ ಸರ್?"

5/10

ಇದನ್ನು ಟೀಮಿನಲ್ಲಿ ಮಾತಾಡಿದಾಗ ಬಂದ ಮೊದಲ ಉತ್ತರ: "ಆಫೀಸಿಗೆ ಧರ್ಮ ಗಿರ್ಮ ಎಲ್ಲ ತರುದು ಬೇಡ. ಆಫೀಸ್ ಅಂದ್ರೆ ಆಫೀಸ್."

ಕೇಳ್ಲಿಕ್ಕೆ ಚಂದ ಉಂಟು. ಆದರೆ ಹೇಳಿದವರ ಮಾನಿಟರ್ ಮೇಲೆ ಆಯುಧ ಪೂಜೆಯ ಕುಂಕುಮ ಇನ್ನೂ ಹೋಗಿರಲಿಲ್ಲ. ಅಕ್ಟೋಬರ್‌ನಲ್ಲಿ ಸರ್ವರ್ ರೂಮಿನ ಎದುರು ಬೂದುಗುಂಬಳ ಒಡೆದದ್ದು ಇದೇ ಆಫೀಸಿನಲ್ಲಿ. ಚೌತಿಗೆ ಮೋದಕ, ದೀಪಾವಳಿಗೆ ಸ್ವೀಟ್ ಬಾಕ್ಸ್, ಕ್ರಿಸ್‌ಮಸ್‌ಗೆ ರಿಸೆಪ್ಶನ್‌ನಲ್ಲಿ ಮರ, ಗೋದಲಿ, ಮನೆಗಳಿಂದ ಬಂದ ಕುಸ್ವಾರ್. ಈದ್ ಮರುದಿನ ಬಿರಿಯಾನಿಗೆ ಎಲ್ಲರೂ ಸಾಲು ನಿಲ್ಲುದು. ಕುದ್ರೋಳಿ ದಸರಾಕ್ಕೆ ಅರ್ಧ ಆಫೀಸ್ ನಾಲ್ಕು ಗಂಟೆಗೇ ಖಾಲಿ, ಪಿಲಿವೇಷ ನೋಡ್ಲಿಕ್ಕೆ.

ಇದು ಯಾವುದೂ ತಪ್ಪಲ್ಲ. ನನಗೆ ಇದೆಲ್ಲ ಇಷ್ಟ. ಇದೇ ಮಂಗಳೂರು. ನಾನು ಓದಿದ್ದು ಕಾನ್ವೆಂಟ್ ಶಾಲೆಯಲ್ಲಿ, ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ರಜೆ, ಪಕ್ಕದ ಮನೆಯಿಂದ ಹೊಸ ಅಕ್ಕಿಯ ಊಟ. ದೇಶದ ಹೆಚ್ಚಿನ ಊರುಗಳಲ್ಲಿ ಮೊಂತಿ ಫೆಸ್ತ್ ಅಂದರೆ ಎಂತ ಅಂತ ಗೊತ್ತಿಲ್ಲ. ಇಲ್ಲಿ ಗೊತ್ತುಂಟು. ಯಾಕೆ? ಇಲ್ಲಿ ಜನ ಇದ್ದಾರೆ, ಅವರ ಹಬ್ಬ ನಮ್ಮ ಕ್ಯಾಲೆಂಡರಿನೊಳಗೆ ಬಂದು ಕೂತಿತು.

ಹಾಗಾಗಿ "ಆಫೀಸಿಗೆ ಧರ್ಮ ಬೇಡ" ಅಂತ ಹೇಳುವುದಾದರೆ ಮೊದಲು ಬೂದುಗುಂಬಳ ನಿಲ್ಲಿಸಿ, ಮರ ತೆಗೆಯಿರಿ, ಆಮೇಲೆ ಹೇಳಿ. ಅದು ಒಂದು ನಿಲುವು, ಒಪ್ಪದಿದ್ದರೂ ಗೌರವ ಕೊಡಬಹುದು. ಎಲ್ಲರ ಧರ್ಮ ಬಂದು ಕೂತ ಮೇಲೆ, ಕೊನೆಯಲ್ಲಿ ಬಂದ ಒಬ್ಬನಿಗೆ ಮಾತ್ರ "ಇದು ಆಫೀಸ್" ಅಂತ ನೆನಪಿಸುದು ನಿಲುವಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದವ ಬಾಗಿಲಲ್ಲಿ ನಿಂತವನಿಗೆ "ಜಾಗ ಇಲ್ಲ, ಮುಂದಿನ ಬಸ್ಸಿಗೆ ಬಾ" ಅಂತ ಹೇಳಿದ ಹಾಗೆ. ಸ್ವಲ್ಪ ಸರಿದು ಕೂತರೆ ಜಾಗ ಆಗ್ತದೆ ಮಾರಾಯ.

6/10

ಇದು ನನಗೆ ಅತ್ಯಂತ ಸಿಟ್ಟು ಬಂದ ಭಾಗ.

ಡಿಸೆಂಬರ್‌ನಲ್ಲಿ ಆಫೀಸಿನ ಎತ್ನಿಕ್ ಡೇ. ಭಾಂಗ್ಡಾ ಡ್ಯಾನ್ಸ್ ಇಡುವ ಅಂತ ತೀರ್ಮಾನ. ನವೆಂಬರ್‌ನಲ್ಲಿ ಯಾರ ಹಬ್ಬ ಲಿಸ್ಟ್‌ನಲ್ಲಿ ಇರಲಿಲ್ಲವೋ, ಈಗ ಅವರ ಡೆಸ್ಕ್ ಎದುರು ಕ್ಯೂ. "ಸರ್, ನಾಲ್ಕು ಪಗಡಿ ತರ್ತೀರಾ? ಹುಡುಗರಿಗೆ ಹಾಕ್ಲಿಕ್ಕೆ. ನೀವು ಫ್ರಂಟ್‌ನಲ್ಲಿ. ರೀಲ್ ಸೂಪರ್ ಆಗ್ತದೆ."

ವೀರ್‌ಜಿ ಹೇಳಿದ್ದು ಒಂದೇ ಮಾತು: "ಕಟ್ಟಿ ಕೊಡ್ತೇನೆ. ಆದರೆ ಡ್ಯಾನ್ಸ್ ಮುಗಿದ ಮೇಲೆ ಮೂಲೆಗೆ ಬಿಸಾಡುದಿಲ್ಲ ಅಂತ ಮಾತು ಕೊಡ್ಬೇಕು. ಇದು ದಸ್ತಾರ್, ಪ್ರಾಪರ್ಟಿ ಅಲ್ಲ."

ಬೇರೆಯವರಿಗೆ ದಸ್ತಾರ್ ಕಟ್ಟಿಸುದು ಅವರಿಗೆ ಬೇಜಾರಿನ ವಿಷಯ ಅಲ್ಲ. ಗೌರವದಿಂದ ಕೇಳಿದರೆ ಖುಷಿಯಿಂದ ಕಟ್ತಾರೆ, ಅದರ ಅರ್ಥವನ್ನೂ ಹೇಳ್ತಾರೆ. ಆದರೆ ಮಾತು ಕೊಡ್ಲಿಕ್ಕೆ ಯಾರಿಗೂ ಪುರುಸೊತ್ತು ಇರಲಿಲ್ಲ. ಕೊನೆಗೆ ಬಾಡಿಗೆ ಅಂಗಡಿಯಿಂದ ಗರಿ ಸಿಕ್ಕಿಸಿದ ರೆಡಿಮೇಡ್ ಪಗಡಿ ತಂದರು, ಅಂಟಿಸುವ ಮೀಸೆ ತಂದರು, "ಬಲ್ಲೆ ಬಲ್ಲೆ" ಆಯ್ತು. ರೀಲ್‌ನ ಕೆಳಗೆ ಬರೆದದ್ದು: ವಿವಿಧತೆಯಲ್ಲಿ ಏಕತೆ. ವೀರ್‌ಜಿ ಅವತ್ತು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಪಗಡಿ ಬೇಕು, ಪುರಬ್ ಬೇಡ. ಭಾಂಗ್ಡಾ ಬೇಕು, ಪ್ರಸಾದ ತಂದ ದಿನ ಎಂತ ಅಂತ ಕೇಳ್ಲಿಕ್ಕೆ ಪುರುಸೊತ್ತಿಲ್ಲ.

ನಮಗೆ ಇದು ಅರ್ಥ ಆಗದ ವಿಷಯವಾ? ನಮ್ಮ ಭೂತಕೋಲದ ವೇಷ ಹಾಕಿ ಯಾರೋ ಸ್ಟೇಜ್ ಮೇಲೆ ಕುಣಿದಾಗ ನಮ್ಮ ಊರಿಗೆ ಊರೇ ಸಿಟ್ಟಾಗ್ತದೆ. "ದೈವ ಅಂದರೆ ಫ್ಯಾನ್ಸಿ ಡ್ರೆಸ್ ಅಲ್ಲ" ಅಂತ ನಾವೇ ಕಾಮೆಂಟ್ ಹಾಕುದು, ಸ್ಟೋರಿ ಹಾಕುದು. ನಾನೂ ಹಾಕಿದ್ದೇನೆ. ನಮ್ಮ ಗಗ್ಗರಕ್ಕೆ ಒಂದು ನ್ಯಾಯ, ಅವರ ದಸ್ತಾರ್‌ಗೆ ಒಂದು ನ್ಯಾಯ ಆಗ್ಲಿಕ್ಕೆ ಇಲ್ಲ.

7/10

ಇಷ್ಟು ಹೊತ್ತು ಬೇರೆಯವರಿಗೆ ಬೈದದ್ದು ಆಯ್ತು. ಈಗ ನನ್ನ ಸರದಿ.

ನವೆಂಬರ್ 5ರ ನಂತರ ನನಗೆ ಉತ್ಸಾಹ ಜಾಸ್ತಿ ಆಯ್ತು. ನಾನು ಎಲ್ಲರಿಗಿಂತ ತಿಳಿದವ ಅಂತ ತೋರಿಸಬೇಕಲ್ಲ. ಅದೇ ತಿಂಗಳು ಗುರು ತೇಗ್ ಬಹಾದೂರರ ದಿನ ಬರ್ತದೆ ಅಂತ ಎಲ್ಲೋ ನೋಡಿದೆ. ಬೆಳಿಗ್ಗೆ ಎದ್ದದ್ದೇ ಆಫೀಸ್ ಗ್ರೂಪ್‌ನಲ್ಲಿ ಪೋಸ್ಟರ್ ಹಾಕಿದೆ. ಬಲೂನು, ಪಟಾಕಿ, ಮೇಲೆ ದೊಡ್ಡಕ್ಷರದಲ್ಲಿ "ಹ್ಯಾಪಿ". ಹದಿನೈದು ಜನ ಹೆಬ್ಬೆರಳು ಒತ್ತಿದರು. ಇಬ್ಬರು "ಸೇಮ್ ಟು ಯೂ" ಅಂದರು.

ಅದು ಅವರ ಬಲಿದಾನದ ದಿನ. 1675ರಲ್ಲಿ ದೆಹಲಿಯಲ್ಲಿ ಔರಂಗಜೇಬನ ಆಜ್ಞೆಯ ಮೇರೆಗೆ ಅವರ ತಲೆ ಕಡಿದರು. ಚಾಂದನಿ ಚೌಕದ ಗುರುದ್ವಾರ ಸೀಸ್ ಗಂಜ್ ಇರುದು ಆ ಜಾಗದಲ್ಲೇ. ಸಿಖ್ಖರು ನೆನಪಿಸಿಕೊಳ್ಳುದು, ಬೇರೆಯವರ ಧರ್ಮದ ಹಕ್ಕಿಗಾಗಿ ಪ್ರಾಣ ಕೊಟ್ಟವರು ಅಂತ. ಕಾಶ್ಮೀರಿ ಪಂಡಿತರು ರಕ್ಷಣೆ ಕೇಳಿ ಬಂದಾಗ ಅವರ ಪರ ನಿಂತದ್ದಕ್ಕೆ. 2025ಕ್ಕೆ ಅದಕ್ಕೆ 350 ವರ್ಷ ತುಂಬಿತ್ತು. ನಾನು ಬಲೂನು ಹಾಕಿದೆ.

ವೀರ್‌ಜಿ ಗ್ರೂಪ್‌ನಲ್ಲಿ ಏನೂ ಹೇಳಲಿಲ್ಲ. ನನಗೆ ಮಾತ್ರ ಮೆಸೇಜ್: "ಪ್ರೀತಿಯಿಂದ ಹಾಕಿದ್ದೀ, ಗೊತ್ತುಂಟು. ಆದರೆ ಈ ದಿನಕ್ಕೆ ಹ್ಯಾಪಿ ಹೇಳುದಿಲ್ಲ."

ಮಂಗಳೂರಿನವನಾಗಿ ನನಗೆ ಇದು ಗೊತ್ತಿರಬೇಕಿತ್ತು. ಪ್ರತಿ ವರ್ಷ ಯಾರೋ ಒಬ್ಬ "ಹ್ಯಾಪಿ ಗುಡ್ ಫ್ರೈಡೇ" ಅಂತ ಹಾಕ್ತಾನೆ, ನಮ್ಮ ಕ್ಲಾಸಿನ ಕೆಥೊಲಿಕ್ ಗೆಳೆಯರು ತಲೆ ಚಚ್ಚಿಕೊಳ್ತಾರೆ. ನಾವು ಅವನಿಗೆ ನಗ್ತೇವೆ. ಅವತ್ತು ಆ "ಒಬ್ಬ" ನಾನು.

ಗೊತ್ತಾದ ಪಾಠ: ಹಬ್ಬವನ್ನು ಗುರುತಿಸುದು ಅಂದರೆ ಪೋಸ್ಟರ್ ಹಾಕುದಲ್ಲ. ಪೋಸ್ಟರ್ ನನಗೋಸ್ಕರ ಹಾಕಿದ್ದು. ಮೊದಲು ಕೇಳ್ಬೇಕು: "ವೀರ್‌ಜಿ, ಈ ದಿನ ಎಂತ? ನಾವು ಎಂತ ಹೇಳ್ಬೇಕು? ನಿಮಗೆ ಎಂತ ಬೇಕು?" ಅವತ್ತು ಈ ಪ್ರಶ್ನೆ ಕೇಳಿದ್ದರೆ ಉತ್ತರ ಒಂದೇ ಇತ್ತು. ಪೋಸ್ಟರ್ ಬೇಡ, ಡೆಮೋ ಒಂದು ದಿನ ಮುಂದೆ ಹಾಕು.

8/10

"ಅವರು ಪಂಜಾಬಿನವರು, ಅವರ ಹಬ್ಬ ಅಲ್ಲಿ ಮಾಡ್ಲಿ. ಇಲ್ಲಿ ಯಾಕೆ?"

ಈ ಕಾಮೆಂಟ್ ಬರ್ತದೆ ಅಂತ ಗೊತ್ತುಂಟು, ಈಗಲೇ ಉತ್ತರ ಕೊಡ್ತೇನೆ. ನಕ್ಷೆ ತೆಗೆಯಿರಿ. ಕರ್ನಾಟಕದ ತಲೆ ನೋಡಿ. ಬೀದರ್.

1699ರ ಬೈಸಾಖಿಯಂದು ಗುರು ಗೋಬಿಂದ್ ಸಿಂಗ್ ಕತ್ತಿ ಹಿರಿದು, ತಲೆ ಕೊಡುವವರು ಯಾರು ಅಂತ ಕೇಳಿದಾಗ ಐದು ಜನ ಒಬ್ಬರ ನಂತರ ಒಬ್ಬರು ಎದ್ದರು. ಅವರೇ ಪಂಜ್ ಪ್ಯಾರೇ, ಖಾಲ್ಸಾದ ಮೊದಲ ಐವರು. ಒಬ್ಬರು ಲಾಹೋರಿನವರು, ಒಬ್ಬರು ಹಸ್ತಿನಾಪುರ, ಒಬ್ಬರು ಪುರಿ, ಒಬ್ಬರು ದ್ವಾರಕೆ. ಐದನೆಯವರು ಸಾಹಿಬ್ ಚಂದ್, ಕ್ಷೌರಿಕ ಕುಟುಂಬದವರು. ಊರು ಬೀದರ್. ದೀಕ್ಷೆಯ ನಂತರ ಭಾಯಿ ಸಾಹಿಬ್ ಸಿಂಗ್ ಆದರು.

ಅದೇ ಬೀದರಿನಲ್ಲಿ ಗುರುನಾನಕ್ ಝೀರಾ ಸಾಹಿಬ್ ಉಂಟು. ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ತಂಗಿದ್ದರು, ಉಪ್ಪು ನೀರಿನ ಊರಿನಲ್ಲಿ ಸಿಹಿ ಒರತೆ ಎದ್ದಿತು ಅಂತ ನಂಬಿಕೆ. ದೇಶದ ಎಲ್ಲ ಕಡೆಯಿಂದ ಯಾತ್ರಿಕರು ಬರ್ತಾರೆ. ನಾವು ಇಲ್ಲಿಂದ ಹೋಗಿ ಬೀದರ್ ಕೋಟೆ ಎದುರು ಸೆಲ್ಫಿ ತೆಗೆದು ಬರ್ತೇವೆ.

ಬಸವಣ್ಣನ ಕಲ್ಯಾಣವೂ ಆ ಜಿಲ್ಲೆಯಲ್ಲೇ. ದುಡಿದು ತಿನ್ನು, ದುಡಿದದ್ದು ಹಂಚು ಅಂತ ಹೇಳ್ಲಿಕ್ಕೆ ನಮ್ಮ ಶರಣರು ಕೊಟ್ಟ ಶಬ್ದ ಕಾಯಕ, ದಾಸೋಹ. ಸಿಖ್ಖರು ಕಿರತ್ ಕರೋ, ವಂಡ್ ಛಕೋ ಅಂತಾರೆ. ಧರ್ಮಸ್ಥಳದ ಅನ್ನದಾನದ ಸಾಲಿನಲ್ಲಿ ಕೂತು ಬೆಳೆದ ನಮಗೆ ಲಂಗರ್ ಎಂತ ಅಂತ ಅರ್ಥ ಮಾಡಿಸಬೇಕಾ?

ಇನ್ನೊಂದು ನೆನಪೂ ಬೀದರಿನದ್ದೇ. 1988ರಲ್ಲಿ ಅಲ್ಲಿ ಓದ್ತಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ಆಯ್ತು, ಪ್ರಾಣ ಹೋಯ್ತು. ನಮ್ಮ ಹಾಗೆ ಇಂಜಿನಿಯರಿಂಗ್ ಓದ್ಲಿಕ್ಕೆ ಬಂದ ಹುಡುಗರು. ರಜೆ ಪಟ್ಟಿಗೂ ಅದಕ್ಕೂ ಹೋಲಿಕೆ ಮಾಡ್ತಿಲ್ಲ. ಹಾಗೆ ಮಾಡಿದರೆ ತಪ್ಪು. ಆದರೆ "ನೀನು ಹೊರಗಿನವ" ಅನ್ನುವ ಮಾತು ನಮ್ಮ ರಾಜ್ಯದಲ್ಲಿ ಎಲ್ಲಿವರೆಗೆ ಹೋಗಿತ್ತು ಅಂತ ಗೊತ್ತಿದ್ದರೆ, ಆ ಮಾತನ್ನು ಚಹಾ ಕುಡೀತಾ ಇಷ್ಟು ಸಲೀಸಾಗಿ ಹೇಳ್ಲಿಕ್ಕೆ ಬಾಯಿ ಬರ್ಲಿಕ್ಕಿಲ್ಲ.

9/10

ಇನ್ನು ಉಳಿದ ಎರಡು ವಾದ.

ಒಂದು: "ಒಬ್ಬರಿಗೋಸ್ಕರ ಇಷ್ಟೆಲ್ಲ ಯಾಕೆ?" 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಸಿಖ್ಖರು ಸುಮಾರು 28 ಸಾವಿರ, ಶೇಕಡಾ 0.05. ಯಾವ ಆಫೀಸಿಗೆ ಹೋದರೂ ಅವರು ಒಬ್ಬರೇ ಇರುದು. ಗುಂಪು ಇದ್ದರೆ ಮಾತ್ರ ಕೊಡ್ತೇವೆ ಅಂದರೆ ಅವರಿಗೆ ಯಾವತ್ತೂ ಸಿಗುದಿಲ್ಲ ಅಂತ ಅರ್ಥ. ಗುಂಪು ಇದ್ದವರಿಗೆ ಕೇಳುವ ಅಗತ್ಯವೇ ಇಲ್ಲ, ಗುಂಪೇ ಕ್ಯಾಲೆಂಡರ್ ಮಾಡ್ತದೆ. ನಿಯಮ ಬೇಕಾದ್ದು ಒಬ್ಬನಿಗೆ.

ಎರಡು: "ಅವರೇ ಪರವಾಗಿಲ್ಲ ಅಂದರಲ್ಲ?"

ಇದಕ್ಕೆ ನಮ್ಮ ಅಪ್ಪನ ಕಥೆ ಹೇಳ್ತೇನೆ. ಅಪ್ಪ ಹದಿನಾಲ್ಕು ವರ್ಷ ಗಲ್ಫ್‌ನಲ್ಲಿದ್ದರು. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಇದೇ ಕಥೆ. ಹದಿನಾಲ್ಕು ಚೌತಿ ಅಲ್ಲಿಯೇ, ಡ್ಯೂಟಿಯಲ್ಲಿ. ರಾತ್ರಿ ಫೋನ್ ಮಾಡಿ ಅಮ್ಮನ ಹತ್ರ "ಕಡುಬು ಮಾಡಿದ್ದೀಯಾ?" ಅಂತ ಕೇಳುದು. ಅಮ್ಮ "ರಜೆ ಕೇಳ್ಬಹುದಿತ್ತಲ್ಲ?" ಅಂದರೆ ಅಪ್ಪ "ಪರವಾಗಿಲ್ಲ" ಅನ್ನುದು. ಹದಿನಾಲ್ಕು ವರ್ಷ ಪರವಾಗಿಲ್ಲ.

ಈ ಸೀರೀಸ್ ಬರೆಯುವ ಮೊದಲು ಅಪ್ಪನನ್ನು ಕೇಳಿದೆ, ನಿಜವಾಗಿ ಪರವಾಗಿರಲಿಲ್ಲವಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ರಜೆ ಸಿಗದ್ದು ಅಷ್ಟು ಬೇಜಾರಿಲ್ಲ ಮಗ. ಕೆಲಸಕ್ಕೆ ಹೋದವ ಕೆಲಸ ಮಾಡ್ಬೇಕು. ಅವತ್ತು ಹಬ್ಬ ಅಂತ ಆ ಇಡೀ ಜಾಗದಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅದು ಬೇಜಾರು."

ಒಬ್ಬನೇ ಇರುವವನ "ಪರವಾಗಿಲ್ಲ" ಒಪ್ಪಿಗೆ ಅಲ್ಲ. ಕೇಳಿ ಕೇಳಿ ಸಾಕಾಗಿ ಹೇಳುವ ಮಾತು. ಇಲ್ಲ ಅಂದರೆ ಕೇಳುವ ಮೊದಲೇ ಉತ್ತರ ಗೊತ್ತಿದ್ದು ಹೇಳುವ ಮಾತು. ವೀರ್‌ಜಿ ಮೆಟ್ಟಿಲ ಹತ್ತಿರ ಮಗಳ ವಿಡಿಯೋ ನೋಡಿ, ಮೊಬೈಲ್ ಕಿಸೆಗೆ ಹಾಕಿ, ನನ್ನ ಮುಖ ನೋಡಿ ಹೇಳಿದ್ದೂ ಇದನ್ನೇ. "ಪರವಾಗಿಲ್ಲ."

ಊರಿಗೆ ಊರೇ ಹೊರಗೆ ಹೋಗಿ ದುಡಿದ ಊರು ನಮ್ಮದು. ಮುಂಬೈ, ದುಬೈ, ಕುವೈತ್, ಈಗ ಕೆನಡಾ. ಹೊರಗಿನವನಾಗಿ ಇರುದು ಹೇಗೆ ಅಂತ ನಮಗೆ ಗೊತ್ತಿಲ್ಲದೆ ಯಾರಿಗೆ ಗೊತ್ತಿರಬೇಕು?

10/10

ಎಂತ ಮಾಡ್ಬೇಕು? ಎಲ್ಲರಿಗೂ ರಜೆ ಕೊಡಿ ಅಂತ ನಾನು ಕೇಳ್ತಿಲ್ಲ. ಮೂರೇ ವಿಷಯ.

ಒಂದು, ವರ್ಷಕ್ಕೆ ಎರಡು ಐಚ್ಛಿಕ ರಜೆ. ಯಾವ ದಿನ ಅಂತ ನೌಕರ ಹೇಳುದು, ಸಿಎಲ್‌ನಿಂದ ಕಡಿಯುದಿಲ್ಲ, ಕಾರಣ ಬಿಡಿಸಿ ಹೇಳ್ಬೇಕಾಗಿಲ್ಲ.

ಎರಡು, ಆ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಇರಲಿ. ರಜೆ ಇಲ್ಲದಿದ್ದರೂ ಹೆಸರು ಇರಲಿ. ಡೆಮೋ, ಪರೀಕ್ಷೆ, ರಿವ್ಯೂ ಇಡುವವನ ಕಣ್ಣಿಗೆ ಬೀಳ್ಲಿ.

ಮೂರು, ಪೋಸ್ಟರ್ ಮಾಡುವ ಮೊದಲು ಕೇಳಿ. ಬಲೂನು ನಾನು ಹಾಕಿದ್ದು ಸಾಕು.

ಡಿಸೆಂಬರ್‌ನಲ್ಲಿ ಮುಂದಿನ ವರ್ಷದ ಪಟ್ಟಿ ಮಾಡುವ ಹೊತ್ತಿಗೆ ನಾನು ಎಚ್‌ಆರ್‌ಗೆ ನಾಲ್ಕು ಸಾಲಿನ ಮೇಲ್ ಹಾಕಿದೆ. ಇಂಟರ್ನ್ ಮೇಲ್‌ಗೆ ಉತ್ತರ ಬರುದಿಲ್ಲ ಅಂತ ಗೊತ್ತಿತ್ತು, ಅದಕ್ಕೆ ಟೀಮಿನಲ್ಲಿ ತಿರುಗಿ ಹನ್ನೊಂದು ಜನರ ಹೆಸರು ಸೇರಿಸಿದೆ. ತಮಾಷೆ ಎಂತ ಗೊತ್ತುಂಟಾ? ಒಬ್ಬೊಬ್ಬರಿಗೂ ಒಂದು ದಿನ ಬೇಕಿತ್ತು. ಕೊಡಗಿನವರಿಗೆ ಕಾವೇರಿ ಸಂಕ್ರಮಣ. ಇನ್ನೊಬ್ಬರಿಗೆ ಮೊಂತಿ ಫೆಸ್ತ್. ಮೂರು ಜನರಿಗೆ ಕುಟುಂಬದ ದೈವದ ನೇಮ. ಅಷ್ಟು ವರ್ಷ ಅವರೆಲ್ಲ "ಹುಷಾರಿಲ್ಲ" ಅಂತ ಸುಳ್ಳು ಹೇಳಿ ನೇಮಕ್ಕೆ ಹೋಗ್ತಿದ್ದದ್ದು! ಅವರೂ ಒಬ್ಬೊಬ್ಬರೇ ಪರವಾಗಿಲ್ಲ ಅಂತ ಕೂತಿದ್ದರು.

2026ರ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಬಂದಿದೆ: ಐಚ್ಛಿಕ ರಜೆ, 2 ದಿನ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹೆಸರು ಇನ್ನೂ ಬಂದಿಲ್ಲ. ಅದನ್ನು ನಾನೇ ಪೆನ್ನಿನಲ್ಲಿ ಬರೆದೆ. ಯಾರೂ ಅಳಿಸಿಲ್ಲ.

ನೀವೆಲ್ಲ ಮುಂದಿನ ತಿಂಗಳು ಆಫರ್ ಲೆಟರ್ ಹಿಡಿದು ಸ್ಟೋರಿ ಹಾಕ್ತೀರಿ. ಸಿಟಿಸಿ ಕೇಳುವಾಗ ರಜೆ ಪಟ್ಟಿಯನ್ನೂ ಕೇಳಿ. ಅದರಲ್ಲಿ ಯಾರು ಇಲ್ಲ ಅಂತ ನೋಡಿ. ನೀವು ಇದ್ದರೆ ಸಾಲದು.

ಈ ವರ್ಷ ಗುರುನಾನಕ್ ಜಯಂತಿ ನವೆಂಬರ್ 24, ಮಂಗಳವಾರ. ಬರೆದಿಟ್ಟುಕೊಳ್ಳಿ. ವೀರ್‌ಜಿ ಈಗಲೇ ರಜೆ ಹಾಕಿ ಆಗಿದೆ. ಮಗಳು ಈ ಸಲ ದೊಡ್ಡ ಶಬದ್ ಕಲೀತಿದ್ದಾಳಂತೆ. ನನ್ನನ್ನೂ ಕರೆದಿದ್ದಾರೆ, ಪಾತ್ರೆ ತೊಳೆಯುವ ಸೇವೆಗೆ. ಬರುವವರು ಮೆಸೇಜ್ ಮಾಡಿ, ತಲೆಗೆ ಕಟ್ಲಿಕ್ಕೆ ಒಂದು ಕರ್ಚೀಫ್ ತನ್ನಿ.

ವೀರ್‌ಜಿ, ಬೈಸಾಖಿಯ ಶುಭಾಶಯ. ಈ ಸಲ ಕೇಳಿಯೇ ಹಾಕಿದ್ದು, ಇದಕ್ಕೆ ಶುಭಾಶಯ ಹೇಳ್ಬಹುದು.

#ಬಿಸುಪರ್ಬ #ಬೈಸಾಖಿ #ಗುರ್‌ಪುರಬ್ #ಕುಡ್ಲ #ಮಂಗಳೂರು #ಲಿಸ್ಟ್‌ನಲ್ಲಿಇಲ್ಲ